ಗಿಲಿಯಡ್‌ನ ನಾಲ್ಕು ಕಾದಂಬರಿಗಳನ್ನು ನಾನು ಓದಿದ ಬಗೆ

ಅಮೆರಿಕದ ಮೆರಿಲಿನ್ ರಾಬಿನ್ಸನ್ ಅವರ ಮೊದಲ ಕಾದಂಬರಿ ‘ಹೌಸ್‌ಕೀಪಿಂಗ್’ ಬಂದದ್ದು 1980ರಲ್ಲಿ. ಅದರ ಕಥೆಯೇ ಬೇರೆ, ಯಾವಾಗ ಬೇಕಾದರೂ ಓದಬಹುದು. ಎರಡನೆಯ ಕಾದಂಬರಿಗೆ 24 ವರ್ಷ ಕಾಯಬೇಕಾಯಿತು. ಅದು ‘ಗಿಲಿಯಡ್’ (2004), ಒಂದು ಊರಿನ ಹೆಸರು. ಆಮೇಲೆ ಅದೇ ಊರಿನ ಜನರನ್ನು ಹಿಡಿದು ‘ಹೋಮ್’ (2008), ‘ಲೈಲಾ’ (2014), ‘ಜ್ಯಾಕ್’ (2020) ಬಂದವು.

ಕಥೆಯ ಕಾಲ ನೋಡಿದರೆ ಕೊನೆಯ ಎರಡು ಮೊದಲು ಬರಬೇಕು. ಹಾಗೆ ಓದಬೇಡಿ. ನಾನು ಅಚ್ಚಾದ ಕ್ರಮದಲ್ಲೇ ಓದಿದೆ, ಅದೇ ಸರಿ ಅನ್ನಿಸಿತು.

‘ಗಿಲಿಯಡ್’ 1956ರ ಕಥೆ, ಅಯೋವಾ ರಾಜ್ಯದ ಆ ಸಣ್ಣ ಊರಿನದು. ಜಾನ್ ಏಮ್ಸ್ 76 ವರ್ಷದ ಪಾದ್ರಿ, ಹೃದಯ ಕೈಕೊಡುತ್ತಿದೆ. ಪುಟ್ಟ ಮಗ ದೊಡ್ಡವನಾದ ಮೇಲೆ ಓದಲಿ ಅಂತ ಬರೆಯುವ ಪತ್ರವೇ ಇಡೀ ಪುಸ್ತಕ. ಅಧ್ಯಾಯಗಳಿಲ್ಲ, ಅವಸರವೂ ಇಲ್ಲ. ರಾತ್ರಿ ಮಲಗುವ ಮುಂಚೆ ಒಂದಿಷ್ಟು ಪುಟ ಓದಿ ಮುಚ್ಚಿಡುತ್ತಿದ್ದೆ. ಗೆಳೆಯ ಬೌಟನ್‌ನ ಮಗ ಜ್ಯಾಕ್ 20 ವರ್ಷದ ಮೇಲೆ ಊರಿಗೆ ಬರುತ್ತಾನೆ. ಏಮ್ಸ್‌ಗೆ ಅವನ ಮೇಲೆ ಅನುಮಾನ. ಓದುತ್ತಾ ನಮಗೂ ಅದು ಅಂಟಿಕೊಳ್ಳುತ್ತದೆ.

‘ಹೋಮ್’ನಲ್ಲಿ ಅದೇ ದಿನಗಳು, ಆದರೆ ಬೌಟನ್ ಮನೆಯೊಳಗಿಂದ, ಜ್ಯಾಕ್‌ನ ತಂಗಿ ಗ್ಲೋರಿಯ ಕಣ್ಣಲ್ಲಿ. ಇದನ್ನು ಓದುವಾಗ ‘ಗಿಲಿಯಡ್’ ಪಕ್ಕದಲ್ಲೇ ಇರಲಿ. ಎರಡರಲ್ಲೂ ಬರುವ ಸನ್ನಿವೇಶಕ್ಕೆ ನಾನು ಪೆನ್ಸಿಲ್ ಗುರುತು ಹಾಕಿಕೊಂಡು ಬೆನ್ನುಬೆನ್ನಿಗೆ ಓದುತ್ತಿದ್ದೆ. ಜಗಲಿಯ ಮೇಲೆ ಕೂತು ಜ್ಯಾಕ್ ಕೇಳುತ್ತಾನೆ: ಕೆಲವರ ಹಣೆಬರಹವೇ ನರಕ ಅಂತ ದೇವರು ಮೊದಲೇ ಬರೆದಿಟ್ಟಿರುತ್ತಾನಾ? ಪಾದ್ರಿಯ ಪತ್ರದಲ್ಲಿ ಅದು ಸುಮ್ನೆ ಕೆಣಕುವ ಪ್ರಶ್ನೆಯಂತೆ ಕಾಣುತ್ತದೆ. ಗ್ಲೋರಿಯ ಪಕ್ಕ ಕೂತು ಕೇಳಿದರೆ, ಆ ಮನುಷ್ಯ ತನ್ನ ಬಗ್ಗೆಯೇ ಕೇಳುತ್ತಿದ್ದಾನೆ, ಅಲ್ವಾ?

ಬೈಬಲ್‌ನಲ್ಲಿ ಅಬ್ರಹಾಮ ಮನೆಯಿಂದ ಹೊರಗೆ ಕಳಿಸಿದ ದಾಸಿ ಹಾಗರ, ಅವಳಲ್ಲಿ ಅವನಿಗೆ ಹುಟ್ಟಿದ ಮಗ ಇಷ್ಮಾಯೇಲ, ಇವರ ಬಗ್ಗೆ ಏಮ್ಸ್ ಚರ್ಚಿನಲ್ಲಿ ಮಾಡುವ ಪ್ರಸಂಗವನ್ನೂ ಹೀಗೆ ಜೋಡಿಸಿ ಓದಿ. ಬೋಧಕನಿಗೆ ಅದು ಧರ್ಮದ ಮಾತು. ಹಿಂದೆ ತನ್ನ ಮಗುವನ್ನೇ ಬಿಟ್ಟುಹೋಗಿದ್ದ, ಈಗ ಕೆಳಗೆ ಕೂತ ಜ್ಯಾಕ್‌ಗೆ ಊರೆದುರು ಬಿದ್ದ ಏಟು.

‘ಲೈಲಾ’ ಏಮ್ಸ್‌ನ ಹೆಂಡತಿಯ ಹಿಂದಿನ ಬದುಕು. ಇದೊಂದನ್ನೇ ಓದಿದರೂ ನಿಲ್ಲುವ ಪುಸ್ತಕ, ನನಗಂತೂ ನಾಲ್ಕರಲ್ಲಿ ಇದೇ ಹತ್ತಿರ. ‘ಜ್ಯಾಕ್’ ಸ್ವಲ್ಪ ಎಳೆಯುತ್ತದೆ. ಜ್ಯಾಕ್ ತಾನು ಪ್ರೀತಿಸುವ ಹೆಣ್ಣಿನ ಜೊತೆ ಸ್ಮಶಾನದಲ್ಲಿ ಒಂದು ರಾತ್ರಿ ಆಡುವ ಮಾತುಕತೆ ಜಾಸ್ತಿಯಾಯಿತು ಅನ್ನಿಸಿತು. ಆದರೂ ಅದನ್ನು ಕೊನೆಗೇ ಇಡಲು ಕಾರಣವಿದೆ. ಮೊದಲೆರಡು ಪುಸ್ತಕಗಳು ಕೊನೆಯವರೆಗೂ ಮುಚ್ಚಿಡುವ ಗುಟ್ಟು ಇದರಲ್ಲಿ ಆರಂಭದಲ್ಲೇ ಬಯಲಾಗಿರುತ್ತದೆ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ಜ್ಯಾಕ್ ಪ್ರೀತಿಸಿದ ಡೆಲ್ಲಾ ಕಪ್ಪು ಹೆಣ್ಣುಮಗಳು. ಬಿಳಿಯ ಮತ್ತು ಕಪ್ಪು ಜನರ ಮದುವೆ ಮಿಸೌರಿಯಲ್ಲಿ ಆಗ ಕಾನೂನುಬಾಹಿರ. 1967ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ರದ್ದು ಮಾಡಿತು.

‘ಜ್ಯಾಕ್’ ಮುಗಿಸಿ ‘ಹೋಮ್’ನ ಟಿವಿ ಸನ್ನಿವೇಶಕ್ಕೆ ವಾಪಸ್ ಹೋದೆ. ಅಮೆರಿಕದ ದಕ್ಷಿಣದ ಮಾಂಟ್ಗೊಮರಿಯಲ್ಲಿ ಕಪ್ಪು ಜನರ ಹೋರಾಟದ ಗಲಭೆ ತೋರಿಸುತ್ತಿದ್ದಾರೆ. ಮುದುಕ ಬೌಟನ್ ಅದನ್ನು ಹಗುರವಾಗಿ ತಳ್ಳಿಹಾಕುತ್ತಾನೆ. ಜ್ಯಾಕ್ ಯಾಕೆ ಅಷ್ಟು ಕಲಕಿಹೋಗುತ್ತಾನೆ, ತಂದೆಯ ಹತ್ತಿರ ಯಾಕೆ ಬಾಯಿ ಬಿಡುವುದಿಲ್ಲ ಅನ್ನುವುದು ಈ ಸಲ ಓದಿದಾಗ ಪೂರ್ತಿ ಗೊತ್ತಾಯಿತು.