ಲೈಸೆನ್ಸ್ ಇಲ್ಲದೆ ಟಿವಿ ತುಣುಕು ಬಳಸಿದೆ, ಚಿತ್ರ ಉಳಿಯಿತು: ನನ್ನ ಅನುಭವ

ಮಂಗನ ಕಾಯಿಲೆ ಬಗ್ಗೆ ನಾವು ಮಾಡಿದ ಸಾಕ್ಷ್ಯಚಿತ್ರ ಯೂಟ್ಯೂಬ್‌ಗೆ ಹೋಗಿ ವರ್ಷದ ಮೇಲಾಯಿತು. ಇನ್ನೂ ಅಲ್ಲೇ ಇದೆ. ಅದರಲ್ಲಿ ಹತ್ತಿರ ಹತ್ತಿರ 3 ನಿಮಿಷ ಟಿವಿ ಸುದ್ದಿಯ ತುಣುಕುಗಳಿವೆ. ಪತ್ರಿಕೆ ಕಟಿಂಗ್‌ಗಳಿವೆ. ಒಂದು ಕಡೆ ಸಿನಿಮಾ ಹಾಡೂ ಕೇಳಿಸುತ್ತದೆ. ಯಾವುದಕ್ಕೂ ಲೈಸೆನ್ಸ್ ದುಡ್ಡು ಕೊಟ್ಟಿಲ್ಲ, ಯಾವುದನ್ನೂ ಕದ್ದಿಲ್ಲ. ಕಾನೂನು ಬಿಟ್ಟುಕೊಟ್ಟ ಜಾಗದಲ್ಲೇ ನಿಂತು ಬಳಸಿದ್ದೇನೆ. ಶುರುವಿನಲ್ಲಿ ಸಾಗರದ ಗೆಳೆಯರು, ಶಿವಮೊಗ್ಗದ ಎಡಿಟರ್, ಬೆಂಗಳೂರಿನ ಇಬ್ಬರು ನಿರ್ದೇಶಕರು ಎಲ್ಲರೂ ಒಂದೇ ಮಾತು ಹೇಳಿದ್ದರು: "ಎರಡೇ ದಿನಕ್ಕೆ ಚಾನೆಲ್ ಹೋಗುತ್ತೆ ಮಾರಾಯ, ಸುಮ್ನೆ ಕೇಸ್ ಮೈಮೇಲೆ ಎಳ್ಕೋಬೇಡ." ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಮೆರಾ, ಟೈಮ್‌ಲೈನ್, ಎಕ್ಸ್‌ಪೋರ್ಟ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು, ಆ ತುಣುಕುಗಳು ಯಾಕೆ ಬೇಕಿತ್ತು ಅಂತ ಹೇಳಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೋರಾಗಿ ಬಂದಾಗ ಟಿವಿಯವರೆಲ್ಲ ಬಂದರು. ಬಂದದ್ದು ಒಳ್ಳೆಯದೇ, ಆದರೆ ತೋರಿಸಿದ ರೀತಿ? ಕೆಂಪು ಅಕ್ಷರ, ಎದೆ ನಡುಗಿಸುವ ಮ್ಯೂಸಿಕ್, ಎಲ್ಲಿಯದೋ ಮಂಗಗಳ ಚಿತ್ರ. ಒಂದು ಚಾನೆಲ್ಲಿನ ಕಾರ್ಯಕ್ರಮ ನೋಡಿದರೆ ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹಬ್ಬುತ್ತದೆ ಅಂತಲೇ ಅನ್ನಿಸಬೇಕು, ಹಾಗಿತ್ತು. ಹಾಗೆ ಹಬ್ಬುವುದಿಲ್ಲ. ವೈರಸ್ ಇರುವ ಉಣುಗು ಕಚ್ಚಿದರೆ ಬರುತ್ತದೆ, ಕಾಯಿಲೆಬಿದ್ದ ಅಥವಾ ಸತ್ತ ಮಂಗವನ್ನು ಮುಟ್ಟಿದರೆ ಬರಬಹುದು. ಆದರೆ ಟಿವಿ ನೋಡಿದ ನೆಂಟರು ಬರುವುದು ನಿಲ್ಲಿಸಿದರು. ಕೆಲಸಕ್ಕೆ ಬರುವ ಆಳುಗಳು ನಿಂತರು. ಒಂದು ಮನೆಯಲ್ಲಿ ಮಾತುಕತೆ ಆಗಿದ್ದ ಮದುವೆಯೇ ಮುಂದಕ್ಕೆ ಹೋಯಿತು. ಜ್ವರ ಬಂದವರು ಹೇಳಿಕೊಳ್ಳಲು ಹೆದರಿ ಆಸ್ಪತ್ರೆಗೆ ತಡವಾಗಿ ಹೋದರು. ನನಗೆ ಹೊಟ್ಟೆ ಉರಿದದ್ದು ಇದಕ್ಕೆ.

ಹಾಗಾಗಿ ನನ್ನ ಚಿತ್ರದ ಅರ್ಧ ಕೆಲಸವೇ ಆ ಟಿವಿ ಸುದ್ದಿಗೆ ಉತ್ತರ ಕೊಡುವುದು. ಸುದ್ದಿಯನ್ನೇ ತೋರಿಸದೆ ಅದಕ್ಕೆ ಉತ್ತರ ಕೊಡುವುದು ಹೇಗೆ?

ನೇರ ದಾರಿಯನ್ನೇ ಮೊದಲು ಹಿಡಿದೆ. ಚಾನೆಲ್‌ಗಳಿಗೆ ಅನುಮತಿ ಕೇಳಿ ಮೇಲ್ ಹಾಕಿದೆ. ಒಬ್ಬರು ತಿಂಗಳುಗಟ್ಟಲೆ ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಸೆಕೆಂಡಿಗೆ 3 ಸಾವಿರದ ಆಸುಪಾಸು ಹೇಳಿದರು, ಜಿಎಸ್‌ಟಿ ಬೇರೆ. ಎಲ್ಲ ತುಣುಕಿಗೂ ಅದೇ ದರ ಹಾಕಿದರೆ 5 ಲಕ್ಷ ದಾಟುತ್ತದೆ. ನನ್ನ ಇಡೀ ಚಿತ್ರದ ಬಜೆಟ್ಟೇ ಎರಡೂವರೆ, ಎರಡೂ ಮುಕ್ಕಾಲು ಲಕ್ಷ. ಅದರಲ್ಲಿ ಅರ್ಧ ಅಡಿಕೆ ಮಾರಿದ ದುಡ್ಡು, ಉಳಿದದ್ದು ಊರವರು ಕೊಟ್ಟದ್ದು. ಆದರೆ ದುಡ್ಡಿಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಕರಾರಿನ ಒಂದು ಸಾಲು: ಚಾನೆಲ್‌ಗೆ ಕೆಟ್ಟ ಹೆಸರು ಬರುವ ಹಾಗೆ ಬಳಸುವಂತಿಲ್ಲ. ಟೀಕೆ ಮಾಡಲಿಕ್ಕೇ ತುಣುಕು ಬೇಕಾಗಿರುವವನು ಟೀಕೆ ಮಾಡುವುದಿಲ್ಲ ಅಂತ ಸಹಿ ಹಾಕಿ ಕೊಂಡುಕೊಳ್ಳಬೇಕಂತೆ! ಆವತ್ತೇ ಆ ದಾರಿ ಬಿಟ್ಟೆ.

ಆಮೇಲೆ ಕಾಯ್ದೆ ಓದಲು ಕೂತೆ. ಕಾಯಿಲೆ ಪತ್ತೆಯಾದ ವರ್ಷವೇ ನಮ್ಮ ಕಾಪಿರೈಟ್ ಕಾಯ್ದೆಯೂ ಬಂದಿದೆ, 1957. ಅದರ 52ನೇ ಸೆಕ್ಷನ್ ನಮ್ಮಂಥವರು ಬಾಯಿಪಾಠ ಮಾಡಬೇಕಾದದ್ದು. ಟೀಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿಗೆ ನ್ಯಾಯವಾದ ರೀತಿಯಲ್ಲಿ ಬಳಸಿದರೆ ಅದು ಉಲ್ಲಂಘನೆ ಅಲ್ಲ. ಹಳಬರಿಗೆ ಇದರ ಬಗ್ಗೆ ಇರುವ ಹೆದರಿಕೆಗೂ ಕಾರಣ ಇದೆ. 2012ರ ತಿದ್ದುಪಡಿಗೆ ಮುಂಚೆ ಈ ಸಾಲಿನಲ್ಲಿ ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆ ಮಾತ್ರ ಇದ್ದವು. ಸಿನಿಮಾ, ಧ್ವನಿಮುದ್ರಣ ಇರಲಿಲ್ಲ. 2012ರಿಂದ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಿಟ್ಟು ಎಲ್ಲ ಕೃತಿಗಳೂ ಬಂದವು. ಟಿವಿ ತುಣುಕಿಗೆ ಇನ್ನೊಂದು ಬೀಗವೂ ಇದೆ, ಪ್ರಸಾರ ಮಾಡಿದವರ ಹಕ್ಕು, 37ನೇ ಸೆಕ್ಷನ್. ಅದರ ಬೀಗದಕೈ 39ನೇ ಸೆಕ್ಷನ್‌ನಲ್ಲಿದೆ. ಪ್ರಾಮಾಣಿಕ ವಿಮರ್ಶೆಗೆ ಪ್ರಸಾರದ ತುಣುಕು ಬಳಸಬಹುದು ಅಂತ ಅದು ಹೇಳುತ್ತದೆ. 52 ಓದಿದವರು 39 ಓದಿರುವುದಿಲ್ಲ. ವಕೀಲರನ್ನು ಕಾಣಲು ಹೋಗುವಾಗ ಎರಡನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ.

ಎಷ್ಟು ಸೆಕೆಂಡ್ ಫ್ರೀ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. 7 ಸೆಕೆಂಡ್, 30 ಸೆಕೆಂಡ್ ಅನ್ನುವುದೆಲ್ಲ ಬಾಯಿಮಾತು. ಕೆಳಗೆ "ಕೃಪೆ" ಅಂತ ಹಾಕಿದ ಮಾತ್ರಕ್ಕೂ ರಕ್ಷಣೆ ಸಿಗುವುದಿಲ್ಲ. ಹಾಕಬೇಕು, ಅದು ಮರ್ಯಾದೆ, ಅಷ್ಟೇ. ನಾನು ನೆಚ್ಚಿಕೊಂಡದ್ದು 1996ರ ಕೇರಳ ಹೈಕೋರ್ಟಿನ ಒಂದು ತೀರ್ಪನ್ನು. ಒಂದು ಹೆಸರಾಂತ ನಾಟಕಕ್ಕೆ ಉತ್ತರವಾಗಿ ಇನ್ನೊಬ್ಬರು ಎದುರು ನಾಟಕ ಬರೆದಿದ್ದರು, ಮೂಲದ ಭಾಗಗಳನ್ನೇ ತೆಗೆದುಕೊಂಡು. ಕೋರ್ಟು ಮೂರು ವಿಷಯ ನೋಡಿತು: ಎಷ್ಟು ತೆಗೆದುಕೊಂಡರು, ಯಾಕೆ ತೆಗೆದುಕೊಂಡರು, ಇದು ಮೂಲದ ಜೊತೆ ಪೈಪೋಟಿಗೆ ಇಳಿಯುತ್ತದೆಯಾ. ಟೀಕೆಗಾಗಿ ಬಳಸಿದ್ದು ಅಂತ ಎದುರು ನಾಟಕದ ಪರವಾಗಿ ಹೇಳಿತು. ನನ್ನ ಚಿತ್ರವೂ ಎದುರು ನಾಟಕವೇ ಅಲ್ವಾ?

ಇಲ್ಲಿಂದ ನನ್ನ ವಿಧಾನ ಹುಟ್ಟಿತು. ತುಣುಕಿನ ಜೊತೆ ನಾನು ಜಗಳ ಆಡಬೇಕು. ಆಡದಿದ್ದರೆ ಆ ತುಣುಕು ನನ್ನದಲ್ಲ. ತುಣುಕು ಬಂದ ಐದಾರು ಸೆಕೆಂಡಿನೊಳಗೆ ನನ್ನ ನಿರೂಪಣೆಯೋ, ಊರಿನವರ ಮಾತೋ, ವೈದ್ಯರ ಮಾತೋ ಆ ತುಣುಕಿನ ಬಗ್ಗೆಯೇ ಬರಬೇಕು. ಉದಾಹರಣೆಗೆ, ಟಿವಿಯಲ್ಲಿ "ಕಾಡಿಗೆ ಹೋದರೆ ಸಾವು" ಅಂತ ಬರುತ್ತದೆ. ಅಲ್ಲೇ ನಿಲ್ಲಿಸುತ್ತೇನೆ. ಸೊಪ್ಪಿನಬೆಟ್ಟದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುತ್ತಿರುವ ಅಕ್ಕ ಕೇಳುತ್ತಾರೆ: "ಕಾಡಿಗೆ ಹೋಗದೆ ಕೊಟ್ಟಿಗೆಗೆ ದರಗು ಎಲ್ಲಿಂದ ತರೋದು? ಎಣ್ಣೆ ಹಚ್ಕೊಂಡು ಹೋಗಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು." ಅವರು ಹೇಳಿದ್ದು ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ಈ ಒಂದು ಜೋಡಣೆಯಲ್ಲಿ ಟೀಕೆಯೂ ಇದೆ, ಜನರಿಗೆ ಬೇಕಾದ ಮಾಹಿತಿಯೂ ಇದೆ. ಬರೀ ಅಂದಕ್ಕೆ, ಜಾಗ ತುಂಬಲಿಕ್ಕೆ ಇದ್ದ ತುಣುಕುಗಳನ್ನೆಲ್ಲ ಕಿತ್ತೆ. ಜೋಗದ ಡ್ರೋನ್ ಶಾಟ್, ಮಂಗಗಳ ಕ್ಲೋಸಪ್ ಇವನ್ನು ಬೇರೆಯವರಿಂದ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ನಾವೇ ಶೂಟ್ ಮಾಡಬಹುದು, ಮಾಡಿದೆವು.

ಪ್ರತಿ ತುಣುಕಿಗೂ ಒಂದು ರಿಜಿಸ್ಟರ್ ಇಟ್ಟೆ. ಉದ್ದ ನೋಟ್‌ಬುಕ್, ಸೊಸೈಟಿಯಲ್ಲಿ ಸಿಗುವಂಥದ್ದು. ಎಲ್ಲಿಂದ ಬಂತು, ಎಷ್ಟು ಸೆಕೆಂಡ್, ಮೂಲ ಕಾರ್ಯಕ್ರಮ ಎಷ್ಟು ಉದ್ದ, ನಾನು ಇದರ ಬಗ್ಗೆ ಹೇಳುತ್ತಿರುವುದೇನು, ಇದಿಲ್ಲದೆ ಆ ಮಾತು ನಿಲ್ಲುತ್ತದೆಯಾ. ಕೊನೆಯ ಕಾಲಂನಲ್ಲಿ "ನಿಲ್ಲುತ್ತದೆ" ಅಂತ ಬಂದರೆ ತುಣುಕು ಹೊರಗೆ. ಮೊದಲ ಕಟ್‌ನಲ್ಲಿ 8 ನಿಮಿಷ ಇದ್ದದ್ದು 3ಕ್ಕೆ ಇಳಿದದ್ದು ಹೀಗೆ. ಚಿತ್ರವೂ ಬಿಗಿಯಾಯಿತು. ಬೆಂಗಳೂರಿನ ವಕೀಲರು ಚಿತ್ರಕ್ಕಿಂತ ಜಾಸ್ತಿ ಹೊತ್ತು ರಿಜಿಸ್ಟರನ್ನೇ ನೋಡಿದರು. 20 ಸಾವಿರದ ಹತ್ತಿರ ಫೀಸು ತೆಗೆದುಕೊಂಡು ಬರಹದಲ್ಲಿ ಅಭಿಪ್ರಾಯ ಕೊಟ್ಟರು. ಇಡೀ ಬಜೆಟ್‌ನಲ್ಲಿ ಚೆನ್ನಾಗಿ ಖರ್ಚಾದ ದುಡ್ಡು ಅದು. ಆ ಪತ್ರ ತೋರಿಸಿದ ಮೇಲೇ ಎಡಿಟರ್ ತನ್ನ ಹೆಸರು ಹಾಕಲು ಒಪ್ಪಿದ.

ಹಾಡಿನ ವಿಷಯ ಬೇರೆಯೇ ರಗಳೆ. ಒಂದು ಮನೆಯಲ್ಲಿ ಮಾತಾಡಿಸುವಾಗ ಒಳಗೆ ರೇಡಿಯೋದಲ್ಲಿ ಹಳೆಯ ಸಿನಿಮಾ ಹಾಡು ಬರುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಮಾತು ಅದು, ಇನ್ನೊಮ್ಮೆ ಹೇಳಿ ಅಂತ ಕೇಳುವ ಹಾಗಿಲ್ಲ. ಹಿನ್ನೆಲೆಯಲ್ಲಿ ಬಂದದ್ದಕ್ಕೆ ವಿನಾಯಿತಿ ಇದೆ ಅಂತ ಬಹಳ ಜನ ನಂಬಿದ್ದಾರೆ. ಇದೆ, ಆದರೆ 52ರ ಆ ಸಾಲು ಹೇಳುವುದು ಚಿತ್ರ, ಫೋಟೋ, ಶಿಲ್ಪದಂಥ ಕಲಾಕೃತಿಗಳಿಗೆ ಮಾತ್ರ. ಗೋಡೆಯ ಕ್ಯಾಲೆಂಡರ್ ಫ್ರೇಮಿನಲ್ಲಿ ಬಂದರೆ ತೊಂದರೆ ಇಲ್ಲ, ರೇಡಿಯೋ ಹಾಡಿಗೆ ಅದು ಅನ್ವಯಿಸುವುದಿಲ್ಲ. ಹಾಡಿಗೆ ಹಿಡಿದುಕೊಳ್ಳಬೇಕಾದದ್ದು 2012ರ ದೆಹಲಿ ಹೈಕೋರ್ಟಿನ ತೀರ್ಪು. ಟಿವಿ ಚಾಟ್ ಶೋನಲ್ಲಿ ಗಾಯಕಿಯೊಬ್ಬರು ತಮ್ಮದೇ ಸಿನಿಮಾ ಹಾಡುಗಳ ಕೆಲವು ಸಾಲು ಹಾಡಿದ್ದರು. ಇಷ್ಟು ಚಿಕ್ಕದಕ್ಕೆ ಕಾನೂನು ತಲೆ ಕೆಡಿಸಿಕೊಳ್ಳುವುದಿಲ್ಲ ಅಂತ ಕೋರ್ಟು ಹೇಳಿತು. ಆ ಧೈರ್ಯದ ಮೇಲೆ ಹತ್ತು ಹನ್ನೆರಡು ಸೆಕೆಂಡ್ ಉಳಿಸಿಕೊಂಡೆ. ಉಳಿದ ಕಡೆ ತಾಯಿಯ ದನಿ ಇಟ್ಟುಕೊಂಡು ಹಾಡನ್ನು ಅಡಗಿಸಿದೆ. ಅದನ್ನು ಯಾವ ಟೂಲಿನಲ್ಲಿ, ಯಾವ ಕ್ರಮದಲ್ಲಿ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕೈದು ತಿಂಗಳು ಗುದ್ದಾಡಿ ಕಂಡುಕೊಂಡದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜನಪದ ಹಾಡಿಗೂ ಒಂದು ಮಾತು. ಪದ ಯಾರದ್ದೂ ಅಲ್ಲ, ನಿಜ. ಆದರೆ ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣಕ್ಕೆ 60 ವರ್ಷದ ಹಕ್ಕಿದೆ, ಹಾಡಿದವರಿಗೂ ತಮ್ಮ ಹಾಡುಗಾರಿಕೆ ಮೇಲೆ 50 ವರ್ಷದ ಹಕ್ಕಿದೆ. ನಾವು ಸೊರಬ ಕಡೆಯ ಹೆಂಗಸರ ತಂಡದಿಂದ ಹೊಸದಾಗಿ ಹಾಡಿಸಿದೆವು. ಒಪ್ಪಿಗೆಯನ್ನು ಕ್ಯಾಮೆರಾ ಮುಂದೆಯೂ ಹೇಳಿಸಿದೆವು, ಬರಹದಲ್ಲೂ ತೆಗೆದುಕೊಂಡೆವು. ತಂಡಕ್ಕೆ 8 ಸಾವಿರವೋ 9 ಸಾವಿರವೋ ಕೊಟ್ಟೆವು. ಕ್ಯಾಸೆಟ್ ಕಂಪನಿಯವರು ಹೇಳಿದ ದರದ ಮುಂದೆ ಅದು ಏನೂ ಅಲ್ಲ, ಹಾಡೂ ನಮ್ಮ ಚಿತ್ರದ್ದೇ ಆಯಿತು.

ತುಣುಕೇ ಬೇಡ ಅಂತ ಬೇರೆ ದಾರಿಗಳನ್ನೂ ನೋಡಿದ್ದೆ. ಹಸೆ ಚಿತ್ತಾರ ಬರೆಯುವ ಕಲಾವಿದೆಯೊಬ್ಬರನ್ನು ಕೇಳಿ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಮಂಗ, ಉಣುಗು, ದನ, ಮನುಷ್ಯ ಎಲ್ಲ ಬರೆಸಿ ಆನಿಮೇಶನ್ ಮಾಡಿಸಿದೆ. 18 ಸಾವಿರದಷ್ಟು ಖರ್ಚಾಯಿತು. ಉಣುಗು ಹೇಗೆ ಹರಡುತ್ತದೆ, ದನದ ಮೈಮೇಲೆ ಹೇಗೆ ಹೆಚ್ಚುತ್ತದೆ ಅಂತ ತೋರಿಸಲು ಅದು ಬಹಳ ಚೆನ್ನಾಗಿ ಬಂತು, ಉಳಿಸಿಕೊಂಡೆ. ಆದರೆ ಟಿವಿ ಸುದ್ದಿಯನ್ನೂ ಚಿತ್ತಾರದಲ್ಲೇ ತೋರಿಸಿದಾಗ ಜನ ನಂಬಲಿಲ್ಲ. "ಟಿವಿಯವರು ಹೀಗೆ ಹೇಳಿದ್ದು ಖರೆಯಾ?" ಅಂತ ಕೇಳಿದರು. ರಂಗಭೂಮಿಯ ಗೆಳೆಯನೊಬ್ಬನಿಂದ ಆಂಕರ್ ಪಾತ್ರ ಮಾಡಿಸಿದಾಗ ನೋಡಿದವರು ನಕ್ಕರು. ಅಲ್ಲಿ ನಗು ಬರಬಾರದಿತ್ತು. ಅಸಲಿ ತುಣುಕೇ ಬೇಕು ಅನ್ನುವುದಕ್ಕೆ ಈ ಎರಡು ಪ್ರಯೋಗ ನನಗೆ ಸಾಕ್ಷಿಯಾದವು, ವಕೀಲರ ಪತ್ರದಲ್ಲೂ ಇವು ಸೇರಿದವು.

ಹಳೆಯ ಫೋಟೋಗಳ ಬಗ್ಗೆ ಎಚ್ಚರ ಇರಲಿ. 1957ರ ಫೋಟೋ, ಹಳೆಯದು, ಫ್ರೀ ಅಂತ ಅನ್ನಬೇಡಿ. ಫೋಟೋಗೆ ಪ್ರಕಟವಾದ ಮೇಲೆ 60 ವರ್ಷ ಅಂತ ಇದ್ದ 25ನೇ ಸೆಕ್ಷನ್ ಅನ್ನು 2012ರಲ್ಲಿ ತೆಗೆದುಹಾಕಿದ್ದಾರೆ. ಈಗ ತೆಗೆದವರ ಜೀವಮಾನ, ಅದರ ಮೇಲೆ 60 ವರ್ಷ. ನಾನು ಮನೆಮನೆಯ ಆಲ್ಬಂ ಕೇಳಿ, ಒಪ್ಪಿಗೆ ಪಡೆದು ಬಳಸಿದೆ.

ಇನ್ನು ಅಪ್‌ಲೋಡ್. ಎಲ್ಲರೂ ಹೆದರಿಸಿದ್ದು ಇದಕ್ಕೇ. ಮೊದಲ ದಿನವೇ ಎರಡು ಕ್ಲೇಮ್, ಅಂದರೆ ಇದು ನಮ್ಮದು ಅನ್ನುವ ತಕರಾರು, ಬಂದವು, ಒಂದು ಟಿವಿ ತುಣುಕಿಗೆ, ಒಂದು ಹಾಡಿಗೆ. ಗೆಳೆಯರು ವಿಡಿಯೋ ಡಿಲೀಟ್ ಮಾಡು ಅಂದರು. ಮಾಡಲಿಲ್ಲ. ಕಂಟೆಂಟ್ ಐಡಿ ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಅನ್ನು ಯೂಟ್ಯೂಬ್‌ನ ಯಂತ್ರವೇ ಹುಡುಕಿ ಹಾಕುವುದು, ಅದರಿಂದ ಚಾನೆಲ್ ಹೋಗುವುದಿಲ್ಲ. ಸ್ಟ್ರೈಕ್ ಅಂದರೆ ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವುದು, 90 ದಿನದೊಳಗೆ ಅಂಥ ಮೂರು ಆದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ಸರಿಯಿಲ್ಲ ಅಂತ ಡಿಸ್ಪ್ಯೂಟ್ ಹಾಕಿದರೆ ಉತ್ತರ ಕೊಡಲು ಕ್ಲೇಮ್ ಮಾಡಿದವರಿಗೆ 30 ದಿನ ಇರುತ್ತದೆ. ರಿಜಿಸ್ಟರ್‌ನ ಸಾಲುಗಳನ್ನೇ ಇಂಗ್ಲಿಷ್‌ನಲ್ಲಿ ಬರೆದು ಹಾಕಿದೆ: ಇಷ್ಟು ಸೆಕೆಂಡ್, ಇಂಥ ಟೀಕೆಗೆ, ಈ ನಿಮಿಷದಲ್ಲಿ ನೋಡಿ. ಟಿವಿಯವರು ಉತ್ತರವೇ ಕೊಡಲಿಲ್ಲ, ಗಡುವು ಮುಗಿದು ಕ್ಲೇಮ್ ತಾನಾಗಿ ಬಿದ್ದುಹೋಯಿತು. ಹಾಡಿನವರು ಒಪ್ಪಲಿಲ್ಲ. ಅಪೀಲ್ ಹಾಕಿದೆ. ಇಲ್ಲಿ ಗಟ್ಟಿ ಗುಂಡಿಗೆ ಬೇಕು, ಯಾಕೆಂದರೆ ಅವರು ಪಟ್ಟು ಹಿಡಿದರೆ ವಿಡಿಯೋ ತೆಗೆಸಬಹುದು, ಆಗ ಸ್ಟ್ರೈಕೇ ಬೀಳುತ್ತದೆ. ಅಪೀಲಿಗೆ ಅವರಿಗೆ ಇರುವುದು 7 ದಿನ. ಅಷ್ಟರೊಳಗೆ ಅವರೇ ಕ್ಲೇಮ್ ವಾಪಸ್ ತೆಗೆದುಕೊಂಡರು. ಅಪೀಲಿನ ಮೊದಲ ಎರಡು ಸಾಲು ಹೇಗಿತ್ತು ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಎದುರಿಗೆ ಕೂತು ಹೇಳುತ್ತೇನೆ, ಬರೆಯುವುದಿಲ್ಲ.

ಯೂಟ್ಯೂಬ್‌ನ ಜಗಳ ಕೌಂಟರ್ ನೋಟಿಸ್, ಅಂದರೆ ತೆಗೆದ ವಿಡಿಯೋ ವಾಪಸ್ ಹಾಕಿ ಅಂತ ಕೇಳುವ ಹಂತಕ್ಕೆ ಹೋದರೆ ಅಮೆರಿಕದ ಕಾನೂನು ಒಳಗೆ ಬರುತ್ತದೆ, ಅದೂ ಗೊತ್ತಿರಲಿ. ಅಲ್ಲಿಯದು ಫೇರ್ ಯೂಸ್, ನಾಲ್ಕು ಅಂಶ ತೂಗಿ ನೋಡುತ್ತಾರೆ. ನಮ್ಮದು ಫೇರ್ ಡೀಲಿಂಗ್, ಕಾಯ್ದೆಯಲ್ಲಿ ಹೇಳಿದ ಉದ್ದೇಶದೊಳಗೇ ಇರಬೇಕು. ಅಲ್ಲಿಯ ಸಾಕ್ಷ್ಯಚಿತ್ರಕಾರರು 2005ರಲ್ಲೇ ಒಟ್ಟಿಗೆ ಕೂತು ಯಾವುದು ಸರಿ, ಯಾವುದು ತಪ್ಪು ಅಂತ ತಮಗೇ ಒಂದು ನಡಾವಳಿ ಬರೆದುಕೊಂಡರು. ನೀನಾಸಂ ಶಿಬಿರಗಳಲ್ಲಿ ಸಿನಿಮಾ ನೋಡಿ ಬೆಳೆದ ನಮ್ಮ ಜಿಲ್ಲೆಯವರು ಕನ್ನಡದಲ್ಲಿ ಅಂಥದ್ದೊಂದನ್ನು ಯಾಕೆ ಬರೆಯಬಾರದು? ನಾನು ಬರಲು ತಯಾರು, ರಿಜಿಸ್ಟರ್ ಸಮೇತ.

ಊರುಗಳಲ್ಲಿ ತೋರಿಸಿದ ಕಥೆ, ಸೆನ್ಸಾರ್ ಸರ್ಟಿಫಿಕೇಟಿನ ಓಡಾಟ ಇನ್ನೊಂದು ಬರಹಕ್ಕೆ ಇರಲಿ. ಒಂದು ಮಾತ್ರ ಹೇಳುತ್ತೇನೆ. ಚಿತ್ರ ನೋಡಿದ ಮೇಲೆ ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆ ತಂದಿದ್ದ ಎಣ್ಣೆ ಬಾಟಲಿ ಅಲ್ಲೇ ಖಾಲಿಯಾಯಿತು. ಮುಂದೆ ಹೋಗಿದ್ದ ಆ ಮದುವೆಯೂ ಆಯಿತು, ಗಂಡಿನ ಕಡೆಯವರು ಚಿತ್ರವನ್ನು ಮೊಬೈಲ್‌ನಲ್ಲಿ ನೋಡಿದ್ದರಂತೆ.

ಈಗ ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಕೆಲಸ ಶುರು ಮಾಡಿದ್ದೇನೆ. ಇದರಲ್ಲಿ ಟಿವಿ ಸುದ್ದಿ ಕಡಿಮೆ, ಔಷಧಿ ಜಾಹೀರಾತುಗಳು ಜಾಸ್ತಿ. ಒಂದೇ ಸಲ ಹೊಡೆದರೆ ರೋಗ ಮಾಯ ಅನ್ನುವಂಥವು. ಹೊಸ ನೋಟ್‌ಬುಕ್‌ನ ಮೊದಲ ಪುಟ ಆಗಲೇ ತುಂಬಿದೆ.