ನಕ್ಷೆಯ ಮೇಲೆ ಚುಕ್ಕೆ ಇಡುವ ಮುನ್ನ: ಕಾರಾ ಪಾಚಿಗಳೊಂದಿಗೆ ನನ್ನ ಅನುಭವ

ಕಾರಾ ಪಾಚಿಗಳ, ಅಂದರೆ ಕಾರಾ, ನೈಟೆಲ್ಲಾ ಮೊದಲಾದ ಕುಲಗಳ ಹಸಿರು ಪಾಚಿಗಳ, ಅಧ್ಯಯನಕ್ಕೆ ಇಳಿದವರು ‘ಇದು ಯಾವ ಪ್ರಭೇದ?’ ಎಂದು ಮೊದಲು ಕೇಳುತ್ತಾರೆ. ‘ಎಲ್ಲೆಲ್ಲಿ ಬೆಳೆಯುತ್ತದೆ?’ ಎನ್ನುವುದನ್ನು ಆಮೇಲಿನ ಮಾತೆಂದು ಬದಿಗಿಡುತ್ತಾರೆ. ನನ್ನ ಅನುಭವದಲ್ಲಿ ಇವೆರಡನ್ನು ಬಿಡಿಸಿ ನೋಡಲಾಗದು. ಪ್ರಭೇದದ ಗಡಿಯನ್ನು ಅಗಲವಾಗಿ ಎಳೆದರೆ ಅದು ಖಂಡಖಂಡಗಳನ್ನು ಆವರಿಸುತ್ತದೆ, ಬಿಗಿಯಾಗಿ ಎಳೆದರೆ ಕೆಲವೇ ಸರೋವರಗಳಿಗೆ ಸೀಮಿತವಾಗುತ್ತದೆ. ಹಾಗಾಗಿ ಯಾವುದಾದರೂ ಪ್ರಭೇದ ‘ವಿಶ್ವವ್ಯಾಪಿ’ ಎಂದು ಬರೆದಿರುವುದನ್ನು ಕಂಡಾಗ, ಹಾಗೆ ಬರೆದವರು ಗಿಡದ ಯಾವ ಭಾಗವನ್ನು ನೋಡಿ ಹೆಸರಿಟ್ಟರು ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನೀರಿನಡಿ ನಿಂತ ಈ ಪಾಚಿ ಪಾಚಿಯಂತೆಯೇ ಕಾಣುವುದಿಲ್ಲ. ಗೆಣ್ಣು ಗೆಣ್ಣಿಗೂ ಕಿರುಕೊಂಬೆಗಳ ಒಂದೊಂದು ಸುತ್ತು. ಎರಡು ಗೆಣ್ಣುಗಳ ನಡುವೆ ಇರುವುದು ಉದ್ದನೆಯ ಒಂದೇ ಒಂದು ಜೀವಕೋಶ. ಕೆಲವು ಪ್ರಭೇದಗಳಲ್ಲಿ ಅದು ಹತ್ತು ಸೆಂಟಿಮೀಟರ್ ಮೀರುತ್ತದೆ. ಜೀವಕೋಶದೊಳಗಿನ ದ್ರವ್ಯ ನಿಲ್ಲದೆ ಹರಿದಾಡುವುದನ್ನು ಇಟಲಿಯ ಬೊನಾವೆಂಚುರಾ ಕಾರ್ಟಿ 1774ರಲ್ಲೇ ಈ ಗುಂಪಿನಲ್ಲಿ ಕಂಡು ವರದಿ ಮಾಡಿದ್ದ. ಕಾರಾ ಕುಲದ ಹಲವು ಪ್ರಭೇದಗಳ ಮೈಮೇಲೆ ಸುಣ್ಣದ ಪದರು ಕಟ್ಟುತ್ತದೆ. ಹಿಸುಕಿದರೆ ಕೈಗೆ ಒರಟು, ಮೂಗಿಗೆ ಬೆಳ್ಳುಳ್ಳಿಯಂತಹ ಘಾಟು.

ಹಲ್ಲುಗಳಿರುವ ಕಬ್ಬಿಣದ ಕೊಕ್ಕೆಯನ್ನು ಹಗ್ಗಕ್ಕೆ ಕಟ್ಟಿ ಎಸೆದು ನಿಧಾನವಾಗಿ ಎಳೆದುಕೊಂಡರೆ ಸಾಕಷ್ಟು ಮಾದರಿ ಸಿಗುತ್ತದೆ. ಅದನ್ನು ಮೂರು ಪಾಲು ಮಾಡುತ್ತೇನೆ: ಒಂದನ್ನು ನೀರಿನಲ್ಲಿ ತೇಲಿಸಿ ದಪ್ಪ ಕಾಗದದ ಮೇಲೆ ಹರಡಿ ಒತ್ತಿ ಒಣಗಿಸುತ್ತೇನೆ, ಇನ್ನೊಂದು ಎಪ್ಪತ್ತು ಶೇಕಡಾ ಆಲ್ಕೋಹಾಲಿಗೆ, ಒಂದೆರಡು ಎಳೆಯ ತುದಿಗಳು ಡಿಎನ್‌ಎಗಾಗಿ ಸಿಲಿಕಾ ಜೆಲ್‌ಗೆ. ಒಣಗಿಸಿದ ಗಿಡ ನೂರು ವರ್ಷ ಉಳಿಯುತ್ತದೆ, ಆದರೆ ಸಂತಾನಾಂಗಗಳ ಆಕಾರವನ್ನು ಕೆಡದಂತೆ ಕಾಯುವುದು ಆಲ್ಕೋಹಾಲು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರ ಮಾದರಿಗಳಿಗೆ ಹೆಸರು ಹುಡುಕುವುದು ಬಹಳ ಕಷ್ಟ.

ಕುಲವನ್ನು ಗುರುತಿಸಲು ಕಿರುಕೊಂಬೆಯಿಂದ ಶುರು ಮಾಡುತ್ತೇನೆ. ಅದು ತುದಿಯಲ್ಲಿ ಸಮನಾಗಿ ಕವಲೊಡೆದಿದ್ದರೆ ಬಹುಮಟ್ಟಿಗೆ ನೈಟೆಲ್ಲಾ, ಕವಲಿಲ್ಲದೆ ನೇರವಾಗಿದ್ದು ಸುತ್ತಿನ ಬುಡದಲ್ಲಿ ಸಣ್ಣ ಮುಳ್ಳಿನಂತಹ ಕೋಶಗಳಿದ್ದರೆ ಕಾರಾ. ಕಾಂಡದ ಉದ್ದನೆಯ ಕೋಶವನ್ನು ಸುತ್ತುವರಿಯುವ ಹೊದಿಕೆ ಕೋಶಗಳಿಲ್ಲ ಎಂದ ಮಾತ್ರಕ್ಕೆ ಅದು ನೈಟೆಲ್ಲಾ ಆಗುವುದಿಲ್ಲ. ಕಾರಾ ಬ್ರೌನಿಯೈ, ಕಾರಾ ಕೊರಲೈನಾಗಳಿಗೂ ಹೊದಿಕೆ ಇಲ್ಲ. ಸಂದೇಹವಿದ್ದರೆ ಹೆಣ್ಣು ಅಂಗದ ನೆತ್ತಿಯ ಕಿರೀಟವನ್ನು ನೋಡಬೇಕು. ಐದು ಕೋಶಗಳ ಒಂದೇ ಸಾಲಿದ್ದರೆ ಕಾರಾ ಮತ್ತು ಅದರ ಬಳಗ. ಐದೈದರ ಎರಡು ಸಾಲು, ಒಟ್ಟು ಹತ್ತು ಕೋಶಗಳಿದ್ದರೆ ನೈಟೆಲ್ಲಾ ಅಥವಾ ಟೋಲಿಪೆಲ್ಲಾ. ಅಂಗಗಳ ಜೋಡಣೆಯೂ ಮಾತಾಡುತ್ತದೆ. ಗಂಡು ಹೆಣ್ಣು ಒಟ್ಟಿಗೇ ಇರುವ ಕಾರಾಗಳಲ್ಲಿ ಹೆಣ್ಣು ಅಂಗ ಮೇಲೆ, ಕಿತ್ತಳೆ ಬಣ್ಣದ ಗಂಡು ಅಂಗ ಕೆಳಗೆ. ಉಪ್ಪುನೀರಿಗೆ ಒಗ್ಗಿದ ಲ್ಯಾಂಪ್ರೋಥಾಮ್ನಿಯಂನಲ್ಲಿ ಇದು ತಲೆಕೆಳಗು.

ಪ್ರಭೇದದ ಮಟ್ಟಕ್ಕೆ ಬಂದಾಗಲೇ ನಿಜವಾದ ತಾಳ್ಮೆ ಬೇಕಾಗುವುದು. ಕಾರಾ ವಲ್ಗ್ಯಾರಿಸ್ ಮತ್ತು ಕಾರಾ ಕಾಂಟ್ರೇರಿಯಾ ಜೊತೆಜೊತೆಯಾಗಿ ಬೆಳೆಯಬಲ್ಲವು, ಬರಿಗಣ್ಣಿಗೆ ಒಂದೇ. ಬಲಿತ ಗೆಣ್ಣಿನ ನಡುವಿನ ತುಂಡೊಂದನ್ನು ಕತ್ತರಿಸಿ ವಿನೆಗರ್‌ನಲ್ಲಿ ಹಾಕುತ್ತೇನೆ. ಸುಣ್ಣ ಕರಗುತ್ತಾ ಗುಳ್ಳೆಗಳು ಏಳುತ್ತವೆ. ಅವು ನಿಂತ ಮೇಲೆ ತೊಳೆದು ಸೂಕ್ಷ್ಮದರ್ಶಕದಡಿ ಇಡುತ್ತೇನೆ. ಆಗ ಕಾಂಡದುದ್ದಕ್ಕೂ ಹೊದಿಕೆ ಕೋಶಗಳ ಸಾಲುಗಳು ಕಾಣುತ್ತವೆ. ಸಾಲುಗಳ ಸಂಖ್ಯೆ ಕಿರುಕೊಂಬೆಗಳಷ್ಟೇ ಇದೆಯೇ, ಎರಡರಷ್ಟೇ, ಮೂರರಷ್ಟೇ ಎಂದು ಎಣಿಸಬೇಕು. ಈ ಎರಡರಲ್ಲೂ ಎರಡರಷ್ಟು. ಇನ್ನು ಫೋಕಸ್ಸನ್ನು ಮೇಲೆ ಕೆಳಗೆ ಆಡಿಸುತ್ತಾ ಕಾಂಡದ ಮೇಲಿನ ಮುಳ್ಳುಕೋಶಗಳು ಎಲ್ಲಿ ಕೂತಿವೆ ಎಂದು ಹುಡುಕುತ್ತೇನೆ. ತಗ್ಗಿದ ಸಾಲಿನಲ್ಲಿದ್ದರೆ ವಲ್ಗ್ಯಾರಿಸ್, ಉಬ್ಬಿದ ಸಾಲಿನ ಮೇಲಿದ್ದರೆ ಕಾಂಟ್ರೇರಿಯಾ. ಒಂದು ತುಂಡಿನ ಮೇಲೆ ತೀರ್ಪು ಕೊಡುವುದಿಲ್ಲ. ಎಳೆಯ ಭಾಗದಲ್ಲಿ ಉಬ್ಬುತಗ್ಗು ಇನ್ನೂ ಸ್ಪಷ್ಟವಾಗಿರುವುದಿಲ್ಲ, ಆದ್ದರಿಂದ ಬೇರೆ ಬೇರೆ ಗಿಡಗಳ ಬಲಿತ ಭಾಗಗಳನ್ನು ನೋಡುತ್ತೇನೆ.

ನೈಟೆಲ್ಲಾದಲ್ಲಿ ಹೊದಿಕೆಯೇ ಇಲ್ಲದ್ದರಿಂದ ಬಲಿತ ಅಂಡಬೀಜಕದ (ಹೆಣ್ಣು ಅಂಗದಲ್ಲಿ ಕಟ್ಟುವ ಬೀಜಕದ) ಗೋಡೆಯ ಚಿತ್ತಾರ ಮುಖ್ಯವಾಗುತ್ತದೆ, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವು ಬೇಕು. ಬೀಜಕ ಬಲಿಯದ ನೈಟೆಲ್ಲಾಕ್ಕೆ ನಾನು ಕುಲದ ಹೆಸರಿನಾಚೆ ಏನನ್ನೂ ಬರೆಯುವುದಿಲ್ಲ.

ಹೆಸರುಗಳ ಚರಿತ್ರೆಯನ್ನು ತಿಳಿಯದೆ ಹಳೆಯ ದಾಖಲೆಗಳನ್ನು ಓದಲಾಗದು. ಲಿನೇಯಸ್ 1753ರಲ್ಲಿ ಕಾರಾ ಕುಲದಡಿ ನಾಲ್ಕು ಪ್ರಭೇದಗಳನ್ನು ಇಟ್ಟ. ಅವುಗಳಲ್ಲಿ ಒಂದಾದ ಫ್ಲೆಕ್ಸಿಲಿಸ್ ಇಂದು ನೈಟೆಲ್ಲಾದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಬ್ರೌನ್ ಮೊದಲಾದವರ ಕೈಯಲ್ಲಿ ಪ್ರಭೇದಗಳ ಸಂಖ್ಯೆ ಬೆಳೆಯುತ್ತಾ ಹೋಯಿತು. 1960ರ ದಶಕದಲ್ಲಿ ಅಮೆರಿಕದ ಆರ್. ಡಿ. ವುಡ್ ನೂರಾರು ಹೆಸರುಗಳನ್ನು ಒಟ್ಟುಗೂಡಿಸಿ ಅವನ್ನು ನೂರಕ್ಕಿಂತ ಕಡಿಮೆ ಪ್ರಭೇದಗಳಿಗೆ ಇಳಿಸಿದರು. ಗಂಡು ಹೆಣ್ಣು ಒಂದೇ ಗಿಡದಲ್ಲಿರುವವೂ ಬೇರೆ ಬೇರೆ ಗಿಡಗಳಲ್ಲಿರುವವೂ ಒಂದೇ ಪ್ರಭೇದದೊಳಗೆ ಬಂದವು. ಒಮ್ಮೆಲೇ ಹಲವು ಪ್ರಭೇದಗಳು ‘ವಿಶ್ವವ್ಯಾಪಿ’ಯಾದದ್ದು ಹೀಗೆ. ಮುಂದೆ ವಿ. ಡಬ್ಲ್ಯೂ. ಪ್ರಾಕ್ಟರ್ ಬೇರೆ ಬೇರೆ ಕಡೆಗಳ ಗಿಡಗಳನ್ನು ಬೆಳೆಸಿ ಸಂಕರ ಮಾಡಿ ನೋಡಿದರು. ಒಂದೇ ಹೆಸರಿನಡಿ ಸೇರಿಸಿದ್ದ ಹಲವು ಗಿಡಗಳು ಪರಸ್ಪರ ಕೂಡಿ ಫಲ ಕೊಡಲಿಲ್ಲ. ಆ ಪ್ರಯೋಗಗಳ ಬಗ್ಗೆ ನನಗೆ ಅಪಾರ ಗೌರವ. ಗಿಡ ಏಕಲಿಂಗಿಯೋ ದ್ವಿಲಿಂಗಿಯೋ ಎಂಬುದನ್ನು ಪ್ರತಿ ಮಾದರಿಗೂ ತಪ್ಪದೆ ಬರೆಯುವುದು ಅವುಗಳನ್ನು ಓದಿದ ಮೇಲೆ ನನಗೆ ನಿಯಮವಾಯಿತು. ಇದಕ್ಕೆ ಭೌಗೋಳಿಕ ಅರ್ಥವೂ ಇದೆ: ಕಾರಾ ಕ್ಯಾನೆಸೆನ್ಸ್ ಬಹುತೇಕ ಕಡೆ ಹೆಣ್ಣು ಗಿಡಗಳಾಗಿಯೇ ಇದ್ದು ಗಂಡಿಲ್ಲದೆ ಬೀಜಕ ಕಟ್ಟುತ್ತದೆ; ಗಂಡು ಗಿಡಗಳಿರುವ ತಾಣಗಳು ಅಪರೂಪ.

ಡಿಎನ್‌ಎ ಎಲ್ಲವನ್ನೂ ಬಗೆಹರಿಸುತ್ತದೆ ಎಂದು ನಂಬುವವರಿಗೆ ಒಂದು ಮಾತು. ಯುರೋಪಿನ ಕಾರಾಗಳಲ್ಲಿ ರೂಪದಿಂದ ಬೇರೆಯೆನಿಸುವ ಕೆಲವು ಪ್ರಭೇದಗಳನ್ನು ಪ್ರಭೇದ ಗುರುತಿಸಲು ಬಳಸುವ ಸಾಮಾನ್ಯ ಬಾರ್‌ಕೋಡ್ ಜೀನುಗಳು ಬಿಡಿಸಿ ತೋರಿಸುವುದಿಲ್ಲ. ಸೂಕ್ಷ್ಮದರ್ಶಕವನ್ನು ಮುಚ್ಚಿಡುವ ಕಾಲ ಬಂದಿಲ್ಲ.

ಒಂದು ಮಾದರಿ ನಕ್ಷೆಯನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ಇದೇ ಗುಂಪಿನ ನೈಟೆಲ್ಲಾಪ್ಸಿಸ್ ಆಬ್ಟ್ಯೂಸಾ ಸಾಕ್ಷಿ. ಯುರೋಪ್ ಮತ್ತು ಏಷ್ಯಾ ಇದರ ಮೂಲ ನೆಲೆ, ನಕ್ಷತ್ರಾಕಾರದ ಬಿಳಿ ಗಡ್ಡೆಗಳು ಇದರ ಗುರುತು. ಉತ್ತರ ಅಮೆರಿಕದ ಸೇಂಟ್ ಲಾರೆನ್ಸ್ ನದಿಗೆ ಇದು 1978ರ ಹೊತ್ತಿಗೆ ಬಂದಿತ್ತೆಂದು ತಿಳಿಯಲಾಗಿತ್ತು. ಆದರೆ ಸಸ್ಯಸಂಗ್ರಹಾಲಯದಲ್ಲಿದ್ದ 1974ರ ಒಣ ಮಾದರಿಯೊಂದು ಆ ಕಾಲವನ್ನು ಹಿಂದಕ್ಕೆ ಸರಿಸಿತು. ಅಲ್ಲಿ ಕಂಡಿರುವುದು ಗಂಡು ಗಿಡಗಳು ಮಾತ್ರ, ಹಾಗಿದ್ದೂ ಗಡ್ಡೆ ಮತ್ತು ತುಂಡುಗಳಿಂದ ಸರೋವರಗಳನ್ನು ತುಂಬುತ್ತಿದೆ. ಅದೇ ಖಂಡದಲ್ಲಿ ಈ ಗುಂಪಿನ ಇನ್ನೊಂದು ಪ್ರಭೇದ ಲಿಕ್ನೋಥಾಮ್ನಸ್ ಬಾರ್ಬೇಟಸ್ ಜೀವಂತವಾಗಿದೆ ಎಂದು ಪ್ರಕಟವಾದದ್ದು 2017ರಲ್ಲಿ.

‘ಇಲ್ಲಿ ಇಲ್ಲ’ ಎಂದು ಬರೆಯುವಾಗ ಇನ್ನೂ ಎಚ್ಚರ ಬೇಕು. ಕೆಲವು ಟೋಲಿಪೆಲ್ಲಾಗಳು ವಸಂತದಲ್ಲಿ ಚಿಗುರಿ ಬೇಸಿಗೆಗೆ ಮಾಯವಾಗುತ್ತವೆ. ಅಂಡಬೀಜಕಗಳು ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಬಾತುಕೋಳಿಗಳ ಹೊಟ್ಟೆಯಲ್ಲಿ ಹಾದು ಬಂದರೂ ಮೊಳೆಯುತ್ತವೆ. ಹಾಗಾಗಿ ಗಿಡ ಸಿಗದ ಕೊಳದಿಂದ ಮೇಲ್ಪದರದ ಕೆಸರನ್ನು ತಂದು, ಗಾಜಿನ ಪಾತ್ರೆಯಲ್ಲಿ ತಿಳಿನೀರು ಹಾಕಿ ಬೆಳಕಿನಲ್ಲಿಡುತ್ತೇನೆ. ತಕ್ಷಣ ಏನೂ ಆಗದಿದ್ದರೆ ತಂಪಿನಲ್ಲಿಟ್ಟು ಮತ್ತೆ ಹೊರಗೆ ತರುತ್ತೇನೆ. ಪೋಷಕಾಂಶ ಹೆಚ್ಚಿ ನೀರು ಮಂಜಾದ ತಾಣಗಳಲ್ಲಿ ಈ ಗಿಡಗಳು ಬೆಳಕಿಲ್ಲದೆ ಸಾಯುತ್ತವೆ, ಆದರೂ ಕೆಸರು ಅವುಗಳ ಹೆಸರನ್ನು ಇಟ್ಟುಕೊಂಡಿರುತ್ತದೆ. ಸುಣ್ಣಗಟ್ಟಿದ ಬೀಜಕಗಳು ಇನ್ನೂ ಆಳದ ಪದರಗಳಲ್ಲೂ ಸಿಗುತ್ತವೆ, ಆದರೆ ನೈಟೆಲ್ಲಾ ಹಾಗೆ ಸುಣ್ಣ ಕಟ್ಟುವುದಿಲ್ಲ. ಆಳದಲ್ಲಿ ಅದು ಕಾಣದಿದ್ದರೆ ಇರಲಿಲ್ಲ ಎಂದು ಓದಬಾರದು.

ಮಾದರಿಯ ಚೀಟಿಯಲ್ಲಿ ತಾಣ, ದಿನಾಂಕ, ಆಳ, ನೀರಿನ ಪಿಎಚ್, ಲವಣಾಂಶ, ಲಿಂಗ, ಬೀಜಕ ಬಲಿತಿದೆಯೇ ಇಲ್ಲವೇ ಎಂಬುದೆಲ್ಲ ಇರುತ್ತದೆ. ಹೆಸರು ಪೆನ್ಸಿಲ್‌ನಲ್ಲಿರುವುದಿಲ್ಲ, ಶಾಯಿಯಲ್ಲೇ ಬರೆಯುತ್ತೇನೆ. ಮುಂದೆ ಅದು ಬದಲಾದರೆ ಹಳೆಯ ಚೀಟಿಯನ್ನು ಕೀಳದೆ, ಹೊಸದನ್ನು ಪಕ್ಕದಲ್ಲಿ ಅಂಟಿಸಿ, ಯಾವ ಲಕ್ಷಣ ನೋಡಿ ಬದಲಿಸಿದೆ ಎಂಬುದನ್ನೂ ದಿನಾಂಕವನ್ನೂ ಸೇರಿಸುತ್ತೇನೆ.