ಮೊದಲು ಕಾಪಿ, ಎಣಿಕೆ ಆದ ಮೇಲೆ ಡಿಲೀಟ್

ಫೋನಿನಲ್ಲಿ ಜಾಗ ಇಲ್ಲ ಅಂತ ಧಾರವಾಡದ ನಮ್ಮ ಕಾಕಾ ಮಗಳ ಮದುವೆ ಫೋಟೊಗಳನ್ನು ಲ್ಯಾಪ್‌ಟಾಪಿಗೆ ಹಾಕಲು ಕೂತರು. ಕಾಪಿ ಅಲ್ಲ, ಕಟ್-ಪೇಸ್ಟ್, ಅಂದರೆ ಆ ಕಡೆ ಹೋದ ಫೋಟೊ ಫೋನಿನಿಂದ ಅಳಿಯುತ್ತದೆ. ನಡುವೆ ಕೇಬಲ್ ಅಲುಗಾಡಿತು. ಅಕ್ಕಿಕಾಳಿನ ಫೋಟೊ ತೆರೆದರೆ ಮೇಲೆ ಬಾಸಿಂಗ ಕಾಣುತ್ತದೆ, ಕೆಳಗರ್ಧ ಬರೀ ಬೂದು ಬಣ್ಣ. ಕೊನೆಗೆ ಸಿಕ್ಕಿದ್ದು ಬೀಗರು ವಾಟ್ಸಾಪಿನಲ್ಲಿ ಕಳಿಸಿದ್ದ ಕೆಲವೇ ಫೋಟೊ.

ಹೀಗಾಗಬಾರದು ಅಂದರೆ ಮೊದಲು ಒಳ್ಳೆಯ ಕಂಪನಿಯ 1 ಟಿಬಿ (ಸುಮಾರು ಸಾವಿರ ಜಿಬಿ) ಹಾರ್ಡ್ ಡಿಸ್ಕ್ ತೊಗೊಳ್ಳಿ, ಬಿಲ್ ಸಮೇತ. ಕೆಲವು ನೂರು ರೂಪಾಯಿಗೆ ಸಿಗುವ '2 ಟಿಬಿ' ಪೆನ್‌ಡ್ರೈವ್ ಮುಟ್ಟಲೇಬೇಡಿ. ಒಳಗಿರುವುದು ಕೆಲವೇ ಜಿಬಿ, ಅದು ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು.

ಎಲ್ಲರೂ ಎಡವುವುದು ಕಾಪಿ ಮಾಡುವಾಗ. ಫೋನ್ ಪೂರ್ತಿ ಚಾರ್ಜ್ ಇರಲಿ, ಡಿಸ್ಕ್ ಟೇಬಲ್ ಮೇಲೆ ಅಲುಗಾಡದಂತೆ ಇರಲಿ. ಹತ್ತು ಸಾವಿರ ಫೋಟೊ ಒಟ್ಟಿಗೆ ಎಳೆಯಬೇಡಿ, ಸಾವಿರ ಸಾವಿರದಂತೆ ಕಾಪಿ ಮಾಡಿ. ಪ್ರತಿ ಸಲವೂ ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಎಷ್ಟು ಫೈಲ್, ಎಷ್ಟು ಎಂಬಿ ಅಂತ ತಾಳೆ ನೋಡಿ. ಒಂದೇ ಒಂದು ಕಡಿಮೆ ಇದ್ದರೂ ಮತ್ತೆ ಕಾಪಿ ಮಾಡಿ. ಸಂಖ್ಯೆ ಸರಿ ಇದ್ದರೂ ನಡುನಡುವೆ ಹತ್ತು ಫೋಟೊ, ಎರಡು ವಿಡಿಯೊ ತೆರೆದು ಕೊನೆತನಕ ನೋಡಿ. ಡಿಸ್ಕನ್ನು ಸುಮ್ನೆ ಕಿತ್ತುಕೊಳ್ಳಬೇಡಿ, ಇಜೆಕ್ಟ್ ಕೊಟ್ಟೇ ತೆಗೆಯಿರಿ. ಇಷ್ಟಾದರೂ ಫೋನಿನಿಂದ ಈಗಲೇ ಅಳಿಸಬೇಡಿ, ಎರಡನೇ ಕಾಪಿ ಆಗುವವರೆಗೆ ತಡೆಯಿರಿ.

ಫೋಲ್ಡರಿಗೆ ವರ್ಷ, ತಿಂಗಳು, ದಿನ ಮೊದಲು ಬರಲಿ: '2024-01-14 ಮಾಗಡಿ ಕೆರೆ'. ತಾನಾಗಿಯೇ ಸಾಲಾಗಿ ಕೂರುತ್ತವೆ. ಆ ಕೆರೆಯ ಹೆಬ್ಬಾತಿನ ನಲವತ್ತು ಫೋಟೊದಲ್ಲಿ ಮೂರು ಇಟ್ಟರೆ ಸಾಕು, ಅಲ್ವಾ? ಆದರೆ ಅವ್ವ-ಅಪ್ಪನ ಫೋಟೊ ಮಸುಕಾಗಿದ್ದರೂ ಇರಲಿ.

ಇನ್ನೊಂದು ಡಿಸ್ಕಿಗೂ ಹೀಗೇ ಕಾಪಿ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ನಾನು ಹುಬ್ಬಳ್ಳಿಯಲ್ಲಿರುವುದು, ನನ್ನ ಎರಡನೇ ಡಿಸ್ಕ್ ಗದಗಿನ ಅಕ್ಕನ ಮನೆ ಕಪಾಟಿನಲ್ಲಿದೆ. ಒಂದೇ ಕಪಾಟಿನಲ್ಲಿಟ್ಟರೆ ಕಳ್ಳ ಬಂದರೂ ನೀರು ನುಗ್ಗಿದರೂ ಎರಡೂ ಒಟ್ಟಿಗೇ ಹೋಗುತ್ತವೆ.

'ಗೂಗಲ್ ಫೋಟೋಸ್ ಇದೆಯಲ್ಲ' ಅನ್ನುವವರು ಜಾಸ್ತಿ. 2021ರ ಜೂನ್ 1ರಿಂದ ಅಲ್ಲಿ ಹಾಕುವ ಫೋಟೊಗಳು ಪುಕ್ಕಟೆ 15 ಜಿಬಿಯ ಲೆಕ್ಕಕ್ಕೆ ಬರುತ್ತವೆ, ಅದರಲ್ಲೇ ಜಿಮೇಲ್ ಕೂಡ ಸೇರಿದೆ. ಬ್ಯಾಕಪ್ ಆದ ಫೋಟೊವನ್ನು ಆ ಆ್ಯಪಿನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ, ಗೂಗಲ್‌ನಿಂದಲೂ ಹೋಗುತ್ತದೆ. ಟ್ರ್ಯಾಶ್‌ನಲ್ಲಿ 60 ದಿನ ಮಾತ್ರ ಇರುತ್ತದೆ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಫೋಟೊ ಕುಗ್ಗುತ್ತದೆ, ತೆಗೆದ ತಾರೀಖೂ ಅಳಿಯುತ್ತದೆ.

ದಸರೆಗೊಮ್ಮೆ, ಯುಗಾದಿಗೊಮ್ಮೆ ಎರಡೂ ಡಿಸ್ಕ್ ಹಚ್ಚಿ ನೋಡಿ. ಹಚ್ಚಿದಾಗ ಟಕ್ ಟಕ್ ಸದ್ದು ಬಂದರೆ ಅವತ್ತೇ ಹೊಸದು ತನ್ನಿ, ಇನ್ನೊಂದರಿಂದ ಅದಕ್ಕೆ ಕಾಪಿ ಮಾಡಿ.